ಕಲ್ಲಿನ ಜೊತೆ ಬಂದವರು

ಆ ಭಾನುವಾರ ಬೆಳಿಗ್ಗೆ ಮಾಡಿದ ಕೆಲಸಗಳು: ಬಾವಿಯಿಂದ ನೀರು ಸೇದಿದ್ದು. ಎರಡು ಪದರದ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಮಗುಚಿ ಜಾಲಿಸಿ, ಆ ನೀರನ್ನು ಬಾವಿಗೇ ಇಳಿಸಿದ್ದು. ಹಾಲು ಕಾಸಿದ್ದು. ಅತ್ತೆಯ ಪೂಜೆಗೆ ಹೂ ಕೊಯ್ದಿಟ್ಟದ್ದು. ಉಪ್ಪಿಟ್ಟಿಗೆ ರವೆ ಹುರಿದದ್ದು. ಇವರ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು. ನೆಂಟರೊಬ್ಬರ ಗೃಹಪ್ರವೇಶಕ್ಕೆ ಬರಲಾಗುವುದಿಲ್ಲ ಎಂದು ಫೋನ್ ಮಾಡಿ, ಯಾಕೆ ಎಂದು ಕೇಳಿದಾಗ ಮಾತು ತಿರುಗಿಸಿದ್ದು. ಬಕೆಟ್ಟಿನಲ್ಲಿದ್ದ ಏಡಿಗೆ ನೀರು ಬದಲಾಯಿಸಿದ್ದು. ಕಾರಿನ ಹಿಂದಿನ ಸೀಟಿಗೆ ಹಳೆಯ ಟಾರ್ಪಾಲು ಹಾಸಿದ್ದು.

ಕೊನೆಯ ಮೂರನ್ನು ಬಿಟ್ಟರೆ ಉಳಿದವೆಲ್ಲ ನಮ್ಮ ಮನೆಯಲ್ಲಿ ದಿನವೂ ಆಗುವ ಕೆಲಸಗಳೇ. ತೀರ್ಥಹಳ್ಳಿ ಪೇಟೆಯ ಹಿಂದಿನ ಬೀದಿಯಲ್ಲಿರುವ ಒಂದು ಜೈನರ ಮನೆಗೆ ಸಮುದ್ರದ ಏಡಿ ಹೇಗೆ ಬಂತು, ಅದಕ್ಕಾಗಿ ಗೃಹಪ್ರವೇಶದ ಊಟ ಯಾಕೆ ತಪ್ಪಿತು ಎಂದು ಹೇಳಬೇಕಾದರೆ ನಮ್ಮ ಯಜಮಾನರ ಮೊಣಕಾಲಿನಿಂದಲೇ ಶುರು ಮಾಡಬೇಕು.

ಪುಸ್ತಕ, ಪೆನ್ನು, ಬಣ್ಣದ ಕಾಗದದ ಅಂಗಡಿ ನಮ್ಮದು. ನಿಂತೇ ವ್ಯಾಪಾರ ಮಾಡಿದವರು ಇವರು. ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ಕೂತಿರಿ ಎಂದರು. ಕೂರುವುದು ಇವರಿಗೆ ಬರುವುದಿಲ್ಲ. ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದರು, ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಿದ್ದರು, ಸಂಜೆಯ ಹೊತ್ತಿಗೆ ಮುಖ ಸಣ್ಣ ಮಾಡಿಕೊಂಡು ಗೋಡೆ ನೋಡುತ್ತಿದ್ದರು. ಹಾಗಿರುವಾಗ ಒಂದು ದಿನ ಫೋನಿನಲ್ಲಿ ಯಾರದ್ದೋ ಮನೆಯ ಸಮುದ್ರದ ಅಕ್ವೇರಿಯಂ ನೋಡಿದರು. ಊಟಕ್ಕೆ ಕರೆದದ್ದು ಇವರಿಗೆ ಕೇಳಿಸದೇ ಹೋದದ್ದು ಆಪರೇಷನ್ ಆದ ಮೇಲೆ ಅದೇ ಮೊದಲ ಸಲ. ಅಷ್ಟು ಮುಳುಗಿಹೋಗಿದ್ದರು. ನನಗೆ ಅದನ್ನು ಕಂಡು ಸಮಾಧಾನವೇ ಆಯಿತು.

ಉಡುಪಿಯ ಹತ್ತಿರ ಕಡಲ ಬದಿಯಲ್ಲಿ ಇವರ ಕಾಲೇಜಿನ ಕಾಲದ ಗೆಳೆಯರೊಬ್ಬರಿದ್ದಾರೆ. ಮನೆಯ ಹಿಂದೆ ಸಿಮೆಂಟಿನ ತೊಟ್ಟಿಗಳನ್ನು ಕಟ್ಟಿಸಿ, ಅದಕ್ಕೆ ಸಮುದ್ರದ ನೀರು ಹಾಯಿಸಿ ಮೀನು ಸಾಕುತ್ತಾರೆ. ಸಿಮೆಂಟು, ಮರಳು, ಚಿಪ್ಪಿನ ಪುಡಿ ಕಲಸಿ ತೂತುತೂತಾದ ಕಲ್ಲುಗಳನ್ನು ತಾವೇ ಮಾಡಿ ಆ ತೊಟ್ಟಿಗಳಲ್ಲಿ ಮುಳುಗಿಸಿಡುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಕಲ್ಲಿನ ಮೇಲೆ ನೇರಳೆ ಬಣ್ಣದ ಹೊರಪದರ ಬೆಳೆಯುತ್ತದೆ, ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಗಳು ನೆಲೆಯಾಗುತ್ತವೆ. ಅಂಥ ಕಲ್ಲು ಇದ್ದರೆ ಟ್ಯಾಂಕಿನ ನೀರು ಕೊಳೆಯುವುದಿಲ್ಲ. ಈ ಕಸುಬಿನವರು ಅದನ್ನು ಲೈವ್ ರಾಕ್ ಎನ್ನುತ್ತಾರೆ, ಜೀವ ಇರುವ ಕಲ್ಲು. ಹವಳ ಸಾಕಲು ಕಾನೂನು ಬಿಡುವುದಿಲ್ಲ, ಕಲ್ಲು ಬೇಕಾದರೆ ಎಷ್ಟಾದರೂ ಕೊಡುತ್ತೇನೆ ಎಂದರು ಗೆಳೆಯರು. ಜೊತೆಗೆ ಪಾಚಿ ಮೇಯುವ ಒಂದು ಮೀನು, ಗಾಜಿನ ಪಾಚಿ ನೆಕ್ಕುವ ನಾಲ್ಕಾರು ಶಂಖದ ಹುಳಗಳು.

ಮನೆಯಲ್ಲಿ ಅಪ್ಪಣೆ ಆಗಬೇಕಾದದ್ದು ಅತ್ತೆಯದು. ಅತ್ತೆ ಹೊಸನಗರದ ಕಡೆಯವರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ನಮ್ಮ ಹೊಸ್ತಿಲು ದಾಟುವುದಿಲ್ಲ. ನೀರು ಸೋಸುವುದಂತೂ, ನಾನು ಸಾಗರದಿಂದ ಮದುವೆಯಾಗಿ ಬಂದಾಗ ಅವರು ಮೊದಲು ಕಲಿಸಿದ ಪಾಠ ಅದೇ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಬಿಡಬೇಕು. ಬಾವಿಯದನ್ನು ಹೊಳೆಗೆ ಬಿಡುವಂತಿಲ್ಲ. ಮೇಲಿನಿಂದ ಸುರಿಯುವಂತೆಯೂ ಇಲ್ಲ. ಪಾತ್ರೆ ಕೆಳಗಿಳಿದು ನೀರನ್ನು ಮುಟ್ಟಿದ ಮೇಲೆಯೇ ಬಗ್ಗಿಸಬೇಕು.

ಮಗ ಎರಡು ದಿನ ಹಿಂದೆ ಮುಂದೆ ಸುಳಿದು ಕೊನೆಗೆ ಕೇಳಿದಾಗ ಅವರು ಹೆಚ್ಚು ಹೊತ್ತು ಯೋಚಿಸಲಿಲ್ಲ.

"ನೀರಿಟ್ಕೊ, ಕಲ್ಲಿಟ್ಕೊ. ಸೊಪ್ಪು ತಿನ್ನೋ ಮೀನಾದ್ರೆ ಅದೂ ಇರ್ಲಿ. ಆದ್ರೆ ಆ ಪೆಟ್ಟಿಗೆಯೊಳಗೆ ನಮ್ಮ ಕೈಯಿಂದ ಒಂದು ಜೀವ ಹೋಯ್ತು ಅಂದ್ರೆ, ಮಾರನೇ ದಿನ ಪೆಟ್ಟಿಗೆ ಈ ಮನೇಲಿರಬಾರ್ದು. ಒಪ್ಪಿಗೆಯಾ?"

"ಕಲ್ಲಲ್ಲಿ ಹೋಗೋಕೆ ಎಂತ ಜೀವ ಇರ್ತದಮ್ಮ?" ಎಂದರು ಇವರು, ಖುಷಿಯಿಂದ.

ಮೊದಲು ಬಂದದ್ದು ಕಲ್ಲುಗಳು, ಬಸ್ಸಿನಲ್ಲಿ; ಮೀನು, ಶಂಖಗಳು ಆಮೇಲೆ. ಒದ್ದೆ ಪೇಪರಿನಲ್ಲಿ ಸುತ್ತಿ, ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು, ಆಗುಂಬೆ ಘಾಟಿ ಹತ್ತಿಸಿ ಕಳಿಸಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಇಳಿಸಿದಾಗ ಕಡಲಿನ ವಾಸನೆ ಸುತ್ತ ಹರಡಿತು. ಕಂಡಕ್ಟರು ನಮ್ಮ ಗುರುತು ಇರುವವರು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ, "ಜೈನರ ಮನೆಗೆ ಮೀನಿನ ಪೆಟ್ಟಿಗೆ ತಂದುಕೊಟ್ಟ ಪಾಪ ನಂಗೆ ಬೇಡ ಮಾರಾಯ್ರೆ, ಬೇಗ ತಗೊಂಡ್ಹೋಗಿ" ಎಂದರು. ಹೂವಿನ ಅಂಗಡಿಯವರಿಂದ ಹಿಡಿದು ಎಲ್ಲರೂ ನಕ್ಕರು. ಇದು ಬರೀ ಕಲ್ಲು ಎಂದು ಇವರು ಹೇಳಿದಷ್ಟೂ ನಗು ಜಾಸ್ತಿಯಾಯಿತು. ನಾನು ಸೆರಗು ಹೊದ್ದು ಆಟೋ ಹತ್ತಿದೆ.

ಮೊದಲ ಸಂಜೆಯೇ ಗೊತ್ತಾಯಿತು, ಅದು ಬರೀ ಕಲ್ಲಲ್ಲ. ಊಟ ಮುಗಿಸಿ ಟ್ಯಾಂಕಿನ ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ತೂತುಗಳಿಂದ ಒಂದೊಂದೇ ಹೊರಗೆ ಬರಲು ಶುರುವಾಯಿತು. ಎಳೆ, ಬಾಲ, ಮೀಸೆಯಂಥದ್ದು, ಏನೆಂದು ಹೇಳಲಾಗದ್ದು. ನಾವು ಚಿಕ್ಕವರಿದ್ದಾಗ ತಾಳಗುಪ್ಪದಿಂದ ರೈಲು ಹತ್ತಿದರೆ ಟಿಕೆಟ್ ಇಲ್ಲದವರು ಬಾಗಿಲ ಸಂದಿಯಲ್ಲಿ ಮುದುಡಿ ನಿಂತಿರುತ್ತಿದ್ದರು. ರೈಲು ಹೊರಟು ವೇಗ ಹಿಡಿದ ಮೇಲೆ ಮೆಲ್ಲನೆ ಕಾಲು ಚಾಚಿ, ಕೊನೆಗೆ ಸೀಟಿಗೇ ಬಂದು ಕೂರುತ್ತಿದ್ದರು. ನನಗೆ ಅದೇ ನೆನಪಾಯಿತು. ಹಾಗೆಂದು ಹೇಳಿದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಅವಕ್ಕೆ ಟಿಕೆಟ್ ಇಲ್ಲದವರು ಎಂದೇ ಹೆಸರು.

ಅವರನ್ನು ಗುರುತು ಹಿಡಿಯುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಇವರಿಗೆ ಟ್ಯಾಂಕು ಬೇಕು, ತಾಳ್ಮೆ ಇಲ್ಲ. ಟಾರ್ಚು ಬಿಟ್ಟ ಕೂಡಲೇ "ಅಗೋ" ಎಂದು ಗಾಜಿಗೆ ಬೆರಳು ಬಡಿಯುತ್ತಾರೆ, ಎಲ್ಲವೂ ಒಳಗೆ ಸೇರಿಕೊಳ್ಳುತ್ತವೆ. ನನ್ನದು ಅಕ್ಕಿ ಆರಿಸುವ ಕಣ್ಣು. ಅಂಗಡಿಯ ಕೆಂಪು ಜಿಲೆಟಿನ್ ಕಾಗದವನ್ನು ಟಾರ್ಚಿನ ಬಾಯಿಗೆ ಕಟ್ಟಿದೆ. ಕೆಂಪು ಬೆಳಕಿಗೆ ಅವು ಹೆದರುವುದಿಲ್ಲ. ಒಂದು ಸಂಜೆಗೆ ಒಂದೇ ಕಲ್ಲು, ಒಂದೇ ಮಗ್ಗುಲು. ಇದ್ದಲ್ಲೇ ಇರುತ್ತದೆಯೋ ಓಡಾಡುತ್ತದೆಯೋ, ಪಾಚಿಯ ಹತ್ತಿರ ಹೋಗುತ್ತದೆಯೋ ಮೀನಿನ ಹತ್ತಿರವೋ, ಹೋದ ದಾರಿಯಲ್ಲಿ ಪಾಚಿ ಕಮ್ಮಿಯಾಗಿದೆಯೋ ಎಂದು ನೋಡುತ್ತಾ ಕೂರುವುದು.

ನಾನು ಕಂಡದ್ದನ್ನು ಇವರು ಫೋನಿನ ಗುಂಪಿಗೆ ಹೇಳುತ್ತಿದ್ದರು. ಅದು ಬೇರೆ ಬೇರೆ ಊರುಗಳಲ್ಲಿ ಇಂಥ ಟ್ಯಾಂಕು ಸಾಕುವವರ ಗುಂಪು. ಅವರ ಲೆಕ್ಕದಲ್ಲಿ ಎರಡೇ ಜಾತಿ: ಒಳ್ಳೆಯದು, ಕೆಟ್ಟದ್ದು. ಒಳ್ಳೆಯದಾದರೆ ಬಿಡಿ, ಕೆಟ್ಟದ್ದಾದರೆ ಕಲ್ಲು ಹೊರಗೆ ತೆಗೆದು ಕುದಿನೀರು ಹಾಕಿ. ಅತ್ತೆಯ ಲೆಕ್ಕ ಬೇರೆ. ಪೂಜೆ ಮುಗಿಸಿ, ಕುರ್ಚಿ ಎಳೆದುಕೊಂಡು ಬಂದು ಗಾಜಿನ ಮುಂದೆ ಕೂತು ಅವರು ಇಂದ್ರಿಯ ಎಣಿಸುತ್ತಿದ್ದರು. ಹುಳ, ಶಂಖಕ್ಕೆ ಮುಟ್ಟಿದ್ದು ಗೊತ್ತಾಗುತ್ತದೆ, ರುಚಿ ಗೊತ್ತಾಗುತ್ತದೆ, ಎರಡು. ಇರುವೆಯಂಥದ್ದಕ್ಕೆ ವಾಸನೆಯೂ ಸೇರಿ ಮೂರು. ಕಣ್ಣಿದ್ದರೆ ನಾಲ್ಕು. ಮೀನಿಗೆ ಐದೂ ಉಂಟು. ಚಿಕ್ಕಂದಿನಲ್ಲಿ ಬಸದಿಯಲ್ಲಿ ಕಲಿತ ಪಾಠವಂತೆ. ಇಷ್ಟು ವರ್ಷ ಅದನ್ನು ಹೀಗೆ ಒಂದೊಂದಾಗಿ ಕೂರಿಸಿ ಪರೀಕ್ಷೆ ಮಾಡುವ ಸಂದರ್ಭ ಅವರಿಗೂ ಬಂದಿರಲಿಲ್ಲ.

ಒಂದು ತೂತಿನಿಂದ ಗರಿಗರಿಯಾದ ಬೀಸಣಿಗೆಯೊಂದು ಅರಳಿ, ನೆರಳು ಬಿದ್ದರೆ ಸಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಅದು ಕೊಳವೆಯೊಳಗೆ ಕೂತ ಹುಳ, ನೀರಿನ ಧೂಳು ತಿಂದು ಬದುಕುವಂಥದ್ದು ಎಂದರು ಗುಂಪಿನವರು. ಮುನಿಗಳ ಕೈಯ ನವಿಲುಗರಿಯ ಪಿಂಛಿಯ ಹಾಗೇ ಇದೆ ಎಂದು ಅತ್ತೆಗೆ ಅದರ ಮೇಲೆ ಭಕ್ತಿಯೇ ಬಂದುಬಿಟ್ಟಿತು. ಇನ್ನೊಂದು ಕಲ್ಲಿನಲ್ಲಿ ಐದು ತೂತುಗಳಿಂದ ಐದು ಜರಿಹುಳದಂಥವು ದಿನಾ ಸಂಜೆ ಹೊರಗೆ ಬಂದು ಬಳುಕುತ್ತಿದ್ದವು. ಅದರಲ್ಲಿ ಯಾವುದು ದೊಡ್ಡದು, ಯಾವುದು ಸಾಧು ಎಂದು ಇವರು ವಾರವಿಡೀ ನನಗೆ ವಿವರಿಸಿದರು. ನಾನು ಸುಮ್ಮನೆ ನೋಡುತ್ತಿದ್ದೆ. ಒಂದು ಹೆದರಿದರೆ ಐದೂ ಒಟ್ಟಿಗೆ ಒಳಗೆ ಹೋಗುತ್ತಿದ್ದವು. ಕೊನೆಗೊಂದು ದಿನ ಅದು ಪೂರ್ತಿ ಹೊರಗೆ ಬಂತು. ಐದು ಹುಳ ಅಲ್ಲ, ಐದು ಕೈಯ ಒಂದೇ ನಕ್ಷತ್ರಮೀನು. ಇವರು ತಾವೇ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಗೋಡೆ ನೋಡಿಕೊಂಡು ಕೂರುತ್ತಿದ್ದವರು ಹಾಗೆ ನಗುವುದನ್ನು ಕಂಡು ನಾನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಈ ಟ್ಯಾಂಕು ಮನೆ ಬಿಟ್ಟು ಹೋಗಬಾರದು ಎಂದು ನನಗೂ ಅನಿಸಿದ್ದು ಆಗಲೇ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ಒಂದು ಬೆಳಿಗ್ಗೆ ಶಂಖವೊಂದು ಖಾಲಿಯಾಗಿ ಮರಳ ಮೇಲೆ ಬಿದ್ದಿತ್ತು. ಒಳಗೆ ಕೆಂಪು ರೋಮದ ಹುಳವೊಂದು ಸುತ್ತಿಕೊಂಡು ಕೂತಿತ್ತು. ಕಂಬಳಿಹುಳವನ್ನು ಎಳೆದು ಉದ್ದ ಮಾಡಿದಂತಿತ್ತು. ಕೊಂದವನು ಸಿಕ್ಕಿಬಿದ್ದ ಎಂದು ಇವರು ತೀರ್ಮಾನ ಕೊಟ್ಟೇಬಿಟ್ಟರು. ಗುಂಪಿನವರು ಕುದಿನೀರು ಎಂದರು. ನಾನು ಅದನ್ನು ಚಮಚದಲ್ಲಿ ಎತ್ತಿ, ಉಪ್ಪುನೀರು ತುಂಬಿದ ಅಗಲ ಬಾಯಿಯ ಬಾಟಲಿಗೆ ಹಾಕಿ ಬೇರೆ ಇಟ್ಟೆ. ಎತ್ತುವಾಗ ರೋಮ ಬೆರಳಿಗೆ ಚುಚ್ಚಿ, ಸೆಲ್ಲೋಟೇಪು ಅಂಟಿಸಿ ಅಂಟಿಸಿ ಕಿತ್ತು ತೆಗೆಯಬೇಕಾಯಿತು.

ಹುಳ ಬಾಟಲಿಯಲ್ಲಿ ಇರುವಾಗಲೇ ಇನ್ನೂ ಎರಡು ಶಂಖ ಖಾಲಿಯಾದವು.

ನಾನು ಆ ಚಿಪ್ಪುಗಳನ್ನು ತೊಳೆದು ಕಿಟಕಿಯ ಮೇಲಿಟ್ಟಿದ್ದೆ. ಒಂದು ಮಧ್ಯಾಹ್ನ ಹಲಸಿನ ಬೀಜ ಬಿಡಿಸುತ್ತಾ ಕೂತವಳು ಅವುಗಳತ್ತ ನೋಡಿದೆ. ಮೂರರದ್ದೂ ಬಾಯಿಯ ಅಂಚು ಮುರಿದಿತ್ತು. ಸವೆದದ್ದಲ್ಲ, ಚೂರುಚೂರಾಗಿ ಚಿವುಟಿ ಮುರಿದದ್ದು. ಮೆತ್ತಗಿನ ಹುಳಕ್ಕೆ ಅದು ಆಗುವ ಕೆಲಸವಲ್ಲ. ಇಕ್ಕಳ ಇದ್ದವರು ಬೇರೆ ಯಾರೋ ಮುರಿದು ತಿಂದು ಹೋಗಿದ್ದಾರೆ, ಈ ಹುಳ ಆಮೇಲೆ ಉಳಿದದ್ದನ್ನು ಗುಡಿಸಲು ಬಂದದ್ದು. ಇವರನ್ನೂ ಅತ್ತೆಯನ್ನೂ ಕರೆದು ತೋರಿಸಿದೆ. ಅತ್ತೆ ಚಿಪ್ಪಿನ ಅಂಚನ್ನು ಬೆರಳಿನಿಂದ ಸವರಿ, ಬಾಟಲಿ ತರಲು ಹೇಳಿದರು. ನಮ್ಮಲ್ಲಿ ಕ್ಷಮಾವಾಣಿಯ ದಿನ ಕಂಡವರಲ್ಲೆಲ್ಲ ವರ್ಷದ ತಪ್ಪಿಗೆ ಕ್ಷಮೆ ಕೇಳುವ ಪದ್ಧತಿ ಇದೆ.

"ಅಲ್ಲಿವರೆಗೆ ಕಾಯೋದು ಬೇಡ. ಕೈ ಮುಗಿ, ತಪ್ಪಾಯ್ತು ಅನ್ನು" ಎಂದರು ಮಗನಿಗೆ.

"ಹುಳಕ್ಕಾ?"

"ಕೊಂದಿದ್ದು ಅದೇ ಅಂದವ್ನು ನೀನು. ನಾನು ಮುಗಿಯೋಕಾಗ್ತದಾ?"

ಇವರು ಬಾಟಲಿಗೆ ಕೈ ಮುಗಿದರು. ಹುಳವನ್ನು ಬಾಟಲಿಯ ಬಾಯಿ ನೀರಿಗೆ ತಾಗಿಸಿಯೇ ಟ್ಯಾಂಕಿಗೆ ಇಳಿಸಿದೆವು.

ನಿಜವಾದ ಆಸಾಮಿ ಆ ವಾರದಲ್ಲೇ ಕಾಣಿಸಿತು. ಎಲ್ಲಕ್ಕಿಂತ ದೊಡ್ಡ ಕಲ್ಲಿನ ಅಡಿಯಲ್ಲಿ ಮೊದಲು ಎರಡು ಕಣ್ಣು, ಆಮೇಲೆ ತುದಿ ಕಪ್ಪಾದ ಎರಡು ಇಕ್ಕಳ, ಆಮೇಲೆ ಮೈತುಂಬ ರೋಮ. ಏಡಿ. ಅಗಲದಲ್ಲಿ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಕಲ್ಲು ಹಾಕಿದಾಗ ಎಳ್ಳುಕಾಳಿನಷ್ಟಿದ್ದು ಇಲ್ಲೇ ಬೆಳೆದಿರಬಹುದು ಎಂದರು ಗುಂಪಿನವರು. ಕಪ್ಪು ತುದಿ, ರೋಮ ಎರಡೂ ಇದ್ದರೆ ಅದು ಸಿಕ್ಕಿದ್ದನ್ನೆಲ್ಲ ತಿನ್ನುವ ಜಾತಿ, ದೊಡ್ಡದಾದರೆ ಮೀನನ್ನೂ ಬಿಡುವುದಿಲ್ಲ, ಇವತ್ತೇ ಮುಗಿಸಿ ಎಂದು ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿದರು. ಅಷ್ಟರಲ್ಲಿ ನಮ್ಮ ಪಾಚಿ ಮೇಯುವ ಮೀನಿನ ಬಾಲದ ತುದಿಯೂ ಹರಿದಿತ್ತು.

ಆ ಸಂಜೆ ಇವರ ಮುಖ ಮತ್ತೆ ಸಣ್ಣಗಾಯಿತು. ಏಡಿಯನ್ನು ಬಿಟ್ಟರೆ ಮೀನು ಹೋಗುತ್ತದೆ. ಏಡಿಯನ್ನು ಮುಗಿಸಿದರೆ ಅಮ್ಮನಿಗೆ ಕೊಟ್ಟ ಮಾತು ಹೋಗುತ್ತದೆ, ಮಾರನೇ ದಿನ ಟ್ಯಾಂಕು ಹೋಗುತ್ತದೆ. ಮೀನನ್ನು ನಾವು ಕೊಂದ ಹಾಗಾಗುವುದಿಲ್ಲವಲ್ಲ, ಏಡಿ ತಾನೇ ತಿನ್ನುವುದು ಎಂದು ಇವರು ಒಂದು ಹಾದಿ ಹುಡುಕಿದರು.

ಅತ್ತೆ ಒಪ್ಪಲಿಲ್ಲ. "ಅದು ಹೊಟ್ಟೆಗೆ ತಿನ್ನೋದು ಅದರ ಕರ್ಮ. ಗೊತ್ತಿದ್ದೂ ಇಬ್ಬರನ್ನ ಒಂದೇ ಪೆಟ್ಟಿಗೇಲಿ ಕೂಡಿಹಾಕಿದ್ದು ನಿನ್ನದು. ಹಿಡಿದು ಹೊರಗೆ ತೆಗಿ, ಜೀವಂತ. ಆಗೋದಿಲ್ಲ ಅಂದ್ರೆ ಎಲ್ಲವನ್ನೂ ಬಂದಲ್ಲಿಗೆ ಕಳಿಸು."

ಹಿಡಿಯುವ ಕ್ರಮ ಸುಲಭದ್ದೇ. ಗಾಜಿನ ಲೋಟವನ್ನು ಕಲ್ಲಿಗೆ ಓರೆಯಾಗಿ ಒರಗಿಸಿ ಒಳಗೆ ತಿನ್ನುವುದನ್ನು ಇಟ್ಟರೆ ಏಡಿ ಇಳಿಯುತ್ತದೆ, ನುಣುಪು ಗಾಜನ್ನು ಹತ್ತಿ ಹೊರಗೆ ಬರಲಾರದು. ತೊಡಕಾದದ್ದು ತಿನ್ನುವುದರಲ್ಲಿ. ಎಲ್ಲರೂ ಹೇಳುವುದು ಸಿಗಡಿ ಚೂರು, ಅದೂ ಬೆಳ್ಳುಳ್ಳಿ ರಸದಲ್ಲಿ ನೆನೆಸಿದ್ದು. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೇಳಿಸಿಕೊಂಡು, "ಎಂತ ಮಾರಾಯ್ರೆ, ನಮ್ಮನೇಲಿ ಒಣಸಿಗಡಿ ಉಂಟು. ಒಂದು ಹಾಕಿದ್ರೆ ಓಡಿ ಬರ್ತದೆ. ಅತ್ತೆಗೆ ಹೇಳ್ಬೇಡಿ ಅಷ್ಟೆ" ಎಂದರು. ಅತ್ತೆ ತುಳಸಿಗೆ ನೀರು ಹಾಕುತ್ತಾ ಅಲ್ಲೇ ನಿಂತಿದ್ದರು. "ಕೇಳಿಸ್ತು" ಎಂದರು.

ಹಾಗಾಗಿ ಏಡಿಗೆ ನಮ್ಮ ಅಡುಗೆಮನೆಯದ್ದೇ ಎಡೆ. ಮೊದಲು ಸೌತೆಕಾಯಿ. ಅದನ್ನು ಮೀನು ತಿಂದಿತು. ನೆನೆಸಿದ ಕಡಲೆಯನ್ನು ಯಾರೂ ಮೂಸಲಿಲ್ಲ. ಚಪಾತಿ ಕರಗಿ ನೀರು ಬಿಳಿಯಾಯಿತು, ಇವರ ಬೈಗುಳ ನನಗೆ. ತುಪ್ಪದಲ್ಲಿ ಹುರಿದ ಅವಲಕ್ಕಿ ಹಾಕಿ ನೋಡೋಣ ಎಂದು ಅತ್ತೆ ಸೂಚಿಸಿದಾಗ ಇವರು, ಏಡಿಗೆ ಮಾಡುವ ಉಪಚಾರ ತನಗೆ ಆಪರೇಷನ್ ಆದಾಗಲೂ ಆಗಿರಲಿಲ್ಲ ಎಂದರು. ಕೊನೆಗೆ ನನಗೆ ಹೊಳೆದದ್ದು ಶೇಂಗಾ ಹಿಂಡಿ. ಎಣ್ಣೆ ತೆಗೆದು ಉಳಿಯುವ ಅದನ್ನು ದನಗಳಿಗೆ ಹಾಕುತ್ತಾರೆ, ಹಾದಿಯ ತುದಿಯಿಂದಲೇ ವಾಸನೆ ಹೊಡೆಯುತ್ತದೆ. ಹಾಲು ಕೊಡುವವರ ಮನೆಯಿಂದ ಒಂದು ಹಿಡಿ ತಂದು, ಹಳೆಯ ಸೋಸುಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಲೋಟಕ್ಕಿಟ್ಟೆ. ನೀರಿನ ಮೇಲೆ ತೆಳ್ಳಗೆ ಎಣ್ಣೆ ಹರಡಿತು.

ದೀಪ ಆರಿಸಿ ಮೂವರೂ ಕೂತೆವು. ಕಲ್ಲಿನ ಅಡಿಯಿಂದ ಒಂದು ಕಾಲು ಬಂತು, ಹಿಂದೆ ಹೋಯಿತು. ಇವರ ಎರಡೂ ಕೈಯನ್ನು ನಾನು ಹಿಡಿದುಕೊಂಡಿದ್ದೆ, ಗಾಜು ಬಡಿಯದಂತೆ. ಏಡಿ ಅಡ್ಡಡ್ಡ ನಡೆದು ಬಂದು ಲೋಟದ ಅಂಚಿಗೆ ನಿಂತಿತು, ಇಕ್ಕಳದಿಂದ ಗಾಜನ್ನು ಎರಡು ಸಲ ಮುಟ್ಟಿ ನೋಡಿತು, ಆಮೇಲೆ ಜಾರಿ ಗಂಟಿನ ಮೇಲೆ ಬಿತ್ತು. "ಕಣ್ಣುಂಟು, ವಾಸನೇನೂ ಗೊತ್ತಾಯ್ತು. ನಾಲ್ಕು" ಎಂದರು ಅತ್ತೆ ಮೆಲ್ಲಗೆ.

ಬಕೆಟ್ಟಿಗೆ ಹಾಕಿಯಾದ ಮೇಲೆ ಮುಂದೇನು ಎಂಬ ಪ್ರಶ್ನೆ ಬಂತು. ಇವರಿಗೆ ಗೆದ್ದ ಹುರುಪು. ಹೊಳೆ ಇಲ್ಲೇ ಇದೆ, ಹೊಳೆ ದಾಟುವ ಕಲ್ಲುಸಾರದ ಹತ್ತಿರ ಬಿಟ್ಟು ಬರುತ್ತೇನೆ ಎಂದು ಚಪ್ಪಲಿ ಹಾಕಿಕೊಂಡರು. ಸಿಹಿನೀರಿನಲ್ಲಿ ಅದು ಒಂದು ಗಳಿಗೆಯೂ ಉಳಿಯುವುದಿಲ್ಲ ಎಂದು ನಾನು ಹೇಳಿದೆ. ಆದರೆ ಅತ್ತೆಯ ತಕರಾರು ಇನ್ನೂ ಮುಂದೆ ಹೋಗಿತ್ತು.

"ಹೊಳೆ ಹೇಗೂ ಸಮುದ್ರಕ್ಕೇ ಹೋಗ್ತದಲ್ಲಮ್ಮ" ಎಂದರು ಇವರು.

"ಯಾವ ಸಮುದ್ರಕ್ಕೆ? ನಮ್ಮ ತುಂಗೆ ಹೋಗೋದು ಮೂಡಲಿಗೆ. ಅದು ಬಂದಿದ್ದು ಪಡುವಲಿಂದ. ಅಷ್ಟು ದೂರ ಹೋಗಿ ಗುರ್ತಿಲ್ಲದ ಊರಲ್ಲಿ ಅದು ಎಂತ ಮಾಡ್ಬೇಕು?"

ಇವರು ಚಪ್ಪಲಿ ಬಿಚ್ಚಿದರು. ಯಾವ ನೀರಿನಿಂದ ಬಂತೋ ಅದೇ ನೀರಿಗೆ ಎಂದರೆ ಗೆಳೆಯರ ಮನೆಯ ತೊಟ್ಟಿಗೆ. ಫೋನ್ ಮಾಡಿದಾಗ ಅವರು ಮೊದಲು ನಕ್ಕರು, ಆಮೇಲೆ ಕರೆದುಕೊಂಡು ಬನ್ನಿ, ಶಂಖಗಳಿಲ್ಲದ ತೊಟ್ಟಿ ಒಂದಿದೆ ಎಂದರು. ಹೀಗೆ ಆ ಭಾನುವಾರ ನಾವು ಗೃಹಪ್ರವೇಶ ಬಿಟ್ಟು ಏಡಿಯನ್ನು ತವರಿಗೆ ಬಿಡಲು ಹೊರಟೆವು.

ಮುಂದೆ ಇವರು, ಹಿಂದೆ ಅತ್ತೆ ಮತ್ತು ನಾನು, ನಡುವೆ ಟಾರ್ಪಾಲಿನ ಮೇಲೆ ಬಕೆಟ್ಟು. ನೀರಿಗೆ ಗಾಳಿ ಊದಲು ಸೆಲ್ ಹಾಕುವ ಸಣ್ಣ ಪಂಪು ಇಟ್ಟಿದ್ದೆವು. ಮೇಗರವಳ್ಳಿಯವರೆಗೆ ಬುಳುಬುಳು ಎನ್ನುತ್ತಿತ್ತು. ಆಗುಂಬೆ ದಾಟಿ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ನೀರು ಎಗರಿ ಪಂಪಿನೊಳಗೆ ಹೋಗಿ ಅದು ನಿಂತಿತು. ಕೆಳಗಿಳಿದ ಕೂಡಲೇ ಸೆಕೆ. ಬಕೆಟ್ಟಿನ ನೀರು ಮುಟ್ಟಿದರೆ ಬೆಚ್ಚಗಿತ್ತು. ಏಡಿ ಮೂಲೆಯಲ್ಲಿ ಕಾಲು ಮಡಿಸಿ ಕೂತದ್ದು ಅಲ್ಲಾಡಲಿಲ್ಲ.

ನಾನು ಕುಡಿಯುವ ನೀರಿನ ಚೊಂಬನ್ನು ಖಾಲಿ ಮಾಡಿ, ಬಕೆಟ್ಟಿನ ನೀರನ್ನು ಅದರಲ್ಲಿ ಎತ್ತಿ ಎತ್ತಿ ಮೇಲಿನಿಂದ ಸುರಿಯಲು ಶುರು ಮಾಡಿದೆ, ಬಿಸಿ ಹಾಲನ್ನು ಆರಿಸುವ ಹಾಗೆ. ಗಾಳಿ ಸೇರಲಿ ಎಂದು. ತೋಳು ಸೋತಾಗ ಚೊಂಬನ್ನು ಅತ್ತೆ ತೆಗೆದುಕೊಂಡರು. ಇಬ್ಬರ ಸೀರೆಯೂ ಉಪ್ಪುನೀರಿನಲ್ಲಿ ತೊಯ್ದಿತ್ತು. ಇವರು ಕನ್ನಡಿಯಲ್ಲಿ ನೋಡುವುದೂ ಬಿಟ್ಟು ಸುಮ್ಮನೆ ಕಾರು ಓಡಿಸುತ್ತಿದ್ದರು. ಜೀವ ಇದ್ಯಾ ಎಂದು ಕೇಳಲು ಅವರಿಗೆ ಧೈರ್ಯವಿರಲಿಲ್ಲ. ಏಡಿ ದಾರಿಯಲ್ಲಿ ಸತ್ತರೆ ಅದು ನಮ್ಮ ಕೈಯಿಂದಲೇ ಆದಂತೆ. ಯಾರೂ ಅದನ್ನು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಗೆಳೆಯರು ಗೇಟಿನಲ್ಲೇ ಕಾಯುತ್ತಿದ್ದರು. ಬಕೆಟ್ಟಿಗೆ ಬಗ್ಗಿ ನೋಡಿದರು. ಒಮ್ಮೆಲೇ ಬಿಡುವುದು ಬೇಡ ಎಂದು ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಕೆಟ್ಟಿಗೆ ಸೇರಿಸಿದರು. ಆಮೇಲೆ ಕೈ ಹಾಕಿ ಎತ್ತಲು ಹೋದವರನ್ನು ಅತ್ತೆ ತಡೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಡಿಯನ್ನು ನೀರಿನ ಸಮೇತ ಚೊಂಬಿಗೆ ತೆಗೆದುಕೊಂಡು, ತೊಟ್ಟಿಯ ಕಟ್ಟೆಗೆ ಮೊಣಕಾಲೂರಿದರು. ಚೊಂಬು ನೀರನ್ನು ಮುಟ್ಟಿತು. ಪೂರ್ತಿ ಮುಳುಗಿದ ಮೇಲೆ ಬಗ್ಗಿಸಿದರು.

ಏಡಿ ಕಲ್ಲಿನಂತೆ ತಳಕ್ಕೆ ಹೋಗಿ ಅಂಗಾತ ಬಿತ್ತು.

ನಾವು ನಾಲ್ವರೂ ಕಟ್ಟೆ ಹಿಡಿದು ನಿಂತೆವು. ಗೆಳೆಯರ ಮನೆಯ ಪಂಪಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇವರು ತೊಟ್ಟಿಯ ಕಡೆ ನೋಡುತ್ತಿರಲಿಲ್ಲ, ಅಮ್ಮನ ಮುಖವನ್ನು ನೋಡುತ್ತಿದ್ದರು. ನನಗೆ ಮೊದಲು ಕಂಡದ್ದು ಬಾಯಿಯ ಹತ್ತಿರ ಒಂದು ಸಣ್ಣ ಮಿಸುಕಾಟ. ಹೌದೋ ಅಲ್ಲವೋ ಎಂದು ಸುಮ್ಮನಿದ್ದೆ. ಆಮೇಲೆ ಒಂದು ಹಿಂಗಾಲು ನೆಟ್ಟಗಾಯಿತು. ಇನ್ನೊಂದು. ಒಮ್ಮೆಗೇ ಮಗುಚಿಕೊಂಡು, ಎರಡೂ ಇಕ್ಕಳ ಎತ್ತಿ ನಮ್ಮೆಲ್ಲರನ್ನೂ ಹೆದರಿಸಿ, ಅಡ್ಡಡ್ಡ ಓಡಿ ಕಲ್ಲಿನಡಿ ಸೇರಿತು.

"ನೋಡಿದ್ರಾ, ಇಷ್ಟು ದೂರ ಹೊತ್ತು ತಂದವ್ರಿಗೆ ಹೊಡೆಯೋಕೇ ಬಂತು" ಎಂದೆ ನಾನು. ಇವರು ಕಟ್ಟೆಯ ಮೇಲೆ ಕೂತುಬಿಟ್ಟರು.

ಗೆಳೆಯರ ಮನೆಯಲ್ಲಿ ನಮಗಾಗಿ ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆ ಮಾಡಿದ್ದರು. ಉಂಡು, ಒದ್ದೆ ಸೀರೆ ಒಣಗಿಸಿಕೊಂಡು ಹೊರಡುವಾಗ ಅವರು ಇವರನ್ನು ಕೇಳಿದರು, ಏಡಿ ಇದ್ದ ದೊಡ್ಡ ಕಲ್ಲಿನ ಪಕ್ಕ ಜಾಗ ಖಾಲಿ ಉಂಟಲ್ಲ, ಇನ್ನೊಂದು ಕಲ್ಲು ಕೊಡಲೇ ಎಂದು. ಇವರು ಎರಡೂ ಕೈ ಎತ್ತಿ ಬೇಡವೇ ಬೇಡ ಎಂದರು. ಇದ್ದದ್ದು ಉಳಿದರೆ ಸಾಕಾಗಿತ್ತು ಅವರಿಗೆ.

ಅತ್ತೆ ಅಷ್ಟು ಹೊತ್ತಿಗೆ ತೊಟ್ಟಿಯ ಹತ್ತಿರ ಹೋಗಿ ಒಂದನ್ನು ಆರಿಸಿಯಾಗಿತ್ತು. ತೆಂಗಿನಕಾಯಿ ಗಾತ್ರದ್ದು, ಮೈತುಂಬ ತೂತು.

"ಇದ್ರೊಳಗೆ ಯಾರುಂಟು ಅಂತ ನಂಗೂ ಗೊತ್ತಿಲ್ಲ ಅಮ್ಮ, ಮತ್ತೆ ನನ್ನನ್ನು ಬೈಬೇಡಿ" ಎಂದರು ಗೆಳೆಯರು.

"ಯಾರಾದ್ರೂ ಇರ್ಲಿ. ಗುರ್ತು ಹಿಡಿಯೋಕೆ ಇವಳಿದ್ದಾಳೆ, ಲೆಕ್ಕ ಹಾಕೋಕೆ ನಾನಿದ್ದೀನಿ" ಎಂದು, ಸ್ವಲ್ಪ ತಡೆದು ಮಗನ ಕಡೆ ನೋಡಿದರು. "ವಾಪಸ್ ತಂದು ಬಿಡೋಕೆ ಕಾರುಂಟು."

ಇವರು ಬಕೆಟ್ಟನ್ನು ತಾವೇ ತೊಳೆದು, ತೊಟ್ಟಿಯ ನೀರು ತುಂಬಿಸಿ, ಕಲ್ಲನ್ನು ಮಗುವನ್ನು ಮಲಗಿಸುವ ಹಾಗೆ ಅದರೊಳಗಿಟ್ಟರು. ತೊಳೆದು ಒಣಗಿಸಿದ ಪಂಪಿಗೆ ಹೊಸ ಸೆಲ್ ಹಾಕಿ ಎರಡು ಸಲ ಪರೀಕ್ಷೆ ಮಾಡಿದರು. ಕಾರಿನಲ್ಲಿ ಸಿಳ್ಳೆ ಹಾಕಬಾರದು ಎಂದು ಅತ್ತೆ ಗದರಿದ್ದು ಘಾಟಿ ಶುರುವಾಗುವ ಮೊದಲೇ.

ಆಗುಂಬೆ ತಲುಪಿದಾಗ ಸೂರ್ಯಾಸ್ತ ನೋಡುವ ಕಟ್ಟೆಯ ತುಂಬ ಜನ. ಎಲ್ಲರೂ ಫೋನ್ ಹಿಡಿದು ಪಡುವಣಕ್ಕೆ ತಿರುಗಿ, ಯಾವಾಗ ಮುಳುಗುತ್ತಾನೋ ಎಂದು ಕಾಯುತ್ತಿದ್ದರು. ನಮಗೆ ಅವನು ಇನ್ನೂ ಸ್ವಲ್ಪ ಹೊತ್ತು ಮೇಲೆಯೇ ಇರಬೇಕಾಗಿತ್ತು. ರಸ್ತೆಯ ಪಕ್ಕ ಕಾರು ನಿಲ್ಲಿಸಿ, ಅವಸರದಲ್ಲಿ ಡಬ್ಬಿ ಬಿಚ್ಚಿ ಕೂತು ತಿಂದೆವು: ಮೊಸರನ್ನ, ಮಿಡಿ ಉಪ್ಪಿನಕಾಯಿ, ಗೆಳೆಯರ ಮನೆಯಿಂದ ಕಟ್ಟಿಕೊಟ್ಟ ಕಡುಬು, ತಲೆಗೊಂದು ಬಾಳೆಹಣ್ಣು. ಅತ್ತೆ ಬಾಯಿ ಮುಕ್ಕಳಿಸಿ ಬಂದ ಮೇಲೂ ಬಿಸಿಲು ಸ್ವಲ್ಪ ಉಳಿದಿತ್ತು.

ಮನೆಗೆ ಬಂದು ಹೊಸ ಕಲ್ಲನ್ನು ಬಕೆಟ್ಟಿನಲ್ಲೇ ಬಿಟ್ಟೆವು. ಒಂದು ವಾರ ಬೇರೆ ಇಟ್ಟು, ಯಾರ‍್ಯಾರು ಬಂದಿದ್ದಾರೆ ಎಂದು ನೋಡಿಯೇ ಟ್ಯಾಂಕಿಗೆ ಸೇರಿಸುವುದು ಎಂದು ಮೂವರೂ ಒಪ್ಪಿದ್ದೆವು. ಅತ್ತೆ ಕುರ್ಚಿ ಎಳೆದು, ಕೆಂಪು ಟಾರ್ಚು ಹಿಡಿದು ಬಕೆಟ್ಟಿನ ಪಕ್ಕ ಕೂತರು. ಒಂದು ತೂತಿನಿಂದ ಏನೋ ಎರಡು ಎಳೆ ಹೊರಗೆ ಬಂದಿವೆ, ನೋಡು ಬಾ ಎಂದು ಮಗನನ್ನು ಕರೆದರು. ಕಾರಿನ ಕೀಲಿ ಕೈಯಲ್ಲಿ ಹಿಡಿದುಕೊಂಡೇ ಸೋಫಾದ ಮೇಲೆ ಇವರು ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.